ಮೈ ಸವರಿದರೆ ಹೋರಿ ಗೊತ್ತಾಗುತ್ತದಾ?

ಅಪ್ಪ ಹೋರಿ ಆರಿಸುವಾಗ ಅದರ ಸುತ್ತ ಎರಡು ಸಲ ಬರುತ್ತಿದ್ದರು. ಬೆನ್ನು ಸವರಿ, ಕಾಲಿಡುವ ರೀತಿ ನೋಡಿ, ಕೊನೆಗೆ "ಇದರ ತಾಯಿ ಎಲ್ಲಿ?" ಅನ್ನುತ್ತಿದ್ದರು. ಕರ್ನಾಟಕ ಬಿಟ್ಟು ಬಂದು ಹಾಲಿನ ಫಾರ್ಮಿಗೆ ಸೇರಿದ ಮೇಲೆ ನಾನು ಹೋರಿಯ ಮುಖವನ್ನೇ ನೋಡಿಲ್ಲ. ಇಲ್ಲಿ ಹೋರಿ ಅಂದರೆ ಕ್ಯಾಟಲಾಗಿನ ಒಂದು ಸಾಲು. ಮೈನಸ್ 196 ಡಿಗ್ರಿಯ ನೈಟ್ರೋಜನ್ ಕ್ಯಾನ್ ತೆರೆದರೆ ಬಿಳಿ ಹೊಗೆ, ಒಳಗೆ ಪೆನ್ನಿನ ರೀಫಿಲ್ಲಿನಂಥ ಸ್ಟ್ರಾ, ಅದರಲ್ಲಿ ಹೆಪ್ಪುಗಟ್ಟಿದ ವೀರ್ಯ. ಅಷ್ಟೇ ಹೋರಿ.

ಮೊದಲು ಇದು ಸುಮ್ನೆ ಸೊಕ್ಕು ಅನ್ನಿಸಿತ್ತು. ಆದರೆ ಹೋರಿ ಹಾಲು ಕೊಡುವುದಿಲ್ಲ, ಅಲ್ವಾ? ಮೈ ಸವರಿದರೆ ಹಾಲಿನ ಗುಣ ಹೇಗೆ ಗೊತ್ತಾಗಬೇಕು? ಅಪ್ಪ ತಾಯಿಯನ್ನು ಕೇಳುತ್ತಿದ್ದದ್ದೂ ಅದಕ್ಕೇ. ಹಿಂದೆ ಹೋರಿಯ ಹೆಣ್ಣುಕರುಗಳು ಬೆಳೆದು ಹಾಲು ಕೊಡುವವರೆಗೆ ವರ್ಷಗಟ್ಟಲೆ ಕಾಯಬೇಕಿತ್ತು. ಈಗ ಹುಟ್ಟಿದ ಕರುವಿನ ಡಿಎನ್‌ಎ ನೋಡಿಯೇ ಅಂದಾಜು ಹಾಕುತ್ತಾರೆ. ಅಮೆರಿಕದಲ್ಲಿ 2009ರಿಂದ ಅದೇ ಅಧಿಕೃತ ಲೆಕ್ಕ.

ಆದರೆ ಲೆಕ್ಕಕ್ಕೆ ನಾವು ಕೇಳಿದ್ದಷ್ಟೇ ಗೊತ್ತು. 1962ರಲ್ಲಿ ಹುಟ್ಟಿದ ಚೀಫ್ ಅನ್ನುವ ಹೋಲ್‌ಸ್ಟೀನ್ ತಳಿಯ ಹೋರಿಗೆ ಸುಮಾರು 16,000 ಹೆಣ್ಣುಮಕ್ಕಳು. ಎಲ್ಲರಿಗೂ ಅವನ ಹಾಲಿನ ಗುಣ ಬೇಕಿತ್ತು. ಅದರ ಜೊತೆ ಒಂದು ಕೆಟ್ಟ ಜೀನೂ ಬಂತು. ಅದು ಒಂದು ಕಡೆಯಿಂದ ಬಂದರೆ ಏನೂ ಆಗದು. ತಂದೆ ತಾಯಿ ಎರಡೂ ಕಡೆಯಿಂದ ಬಂದರೆ ಕರು ಹೊಟ್ಟೆಯಲ್ಲೇ ಸಾಯುತ್ತದೆ. ಅವನ ಮೊಮ್ಮಗಳಿಗೆ ಅವನ ಮೊಮ್ಮಗನನ್ನೇ ತಂದರೆ ಇನ್ನೇನಾಗುತ್ತದೆ? ಜಗತ್ತಿನಲ್ಲಿ 5 ಲಕ್ಷಕ್ಕೂ ಜಾಸ್ತಿ ಗಬ್ಬ ಹೋಗಿರಬಹುದು ಎಂದು ಅಂದಾಜು. ಅದನ್ನು ಹಿಡಿದದ್ದೂ ಲೆಕ್ಕವೇ ಅನ್ನಿ. ಸಾವಿರಾರು ದನಗಳ ಡಿಎನ್‌ಎ ನೋಡಿದರೂ, ಆ ಜೀನ್ ಜೋಡಿಯಾಗಿ ಇರುವ ಜೀವಂತ ದನ ಒಂದೂ ಸಿಗಲಿಲ್ಲ.

ಹಾಗಾಗಿ ನನ್ನ ತಕರಾರು ಏನನ್ನು ಬರೆದಿಡುತ್ತೇವೆ ಅನ್ನುವುದರ ಮೇಲೆ. ಹಸುವಿಗೂ ಹಸುವಿಗೂ ಹಾಲಿನಲ್ಲಿರುವ ವ್ಯತ್ಯಾಸದಲ್ಲಿ ಹೆಚ್ಚುಕಡಿಮೆ ನೂರಕ್ಕೆ 30 ಪಾಲು ವಂಶದ್ದು. ಗಬ್ಬ ನಿಲ್ಲುವುದರಲ್ಲಿ ನೂರಕ್ಕೆ 5ರ ಆಸುಪಾಸು, ಉಳಿದದ್ದು ಮೇವು, ಆರೈಕೆ. ಇಷ್ಟು ಕಡಿಮೆ ಅಂತ ಬಹಳ ಕಡೆ ಅದನ್ನು ಕೈಬಿಟ್ಟಿದ್ದರು. ನಾರ್ವೆಯವರು ಬಿಡಲಿಲ್ಲ. 1970ರ ದಶಕದಿಂದಲೇ ಗಬ್ಬ, ಕೆಚ್ಚಲು ಬಾವು ಎಲ್ಲ ಬರೆದಿಟ್ಟು ಹೋರಿ ಆರಿಸಿದರು. ಅವರ ಕೆಂಪು ಹಸು ಸಲೀಸಾಗಿ ಗಬ್ಬ ಕಟ್ಟುತ್ತದೆ ಅನ್ನುವ ಹೆಸರು ಸುಮ್ನೆ ಬಂದದ್ದಲ್ಲ.

ನಮ್ಮ ಫಾರ್ಮಿನಲ್ಲಿ ಕುಂಟುವ ಹಸುವನ್ನು ಯಾರೂ ಬರೆದಿಡುತ್ತಿರಲಿಲ್ಲ. ಈಗ ನಾನೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಹಾಲು ಕರೆದ ಮೇಲೆ ಹಸುಗಳು ಹೊರಗೆ ಬರುವಾಗ ಹಿಂದೆ ನಿಂತು, ಅಪ್ಪನ ಹಾಗೆ, ಕಾಲಿಡುವುದನ್ನು ನೋಡುತ್ತೇನೆ. ಕುಂಟಿದರೆ ಕಿವಿಯ ನಂಬರು, ಪಕ್ಕದಲ್ಲಿ ಅದರ ಹೋರಿಯ ಹೆಸರು. ಸದ್ಯಕ್ಕೆ ಮೂರು ಹಸು ಒಂದೇ ಹೋರಿಯವು. ಮೂರರಿಂದ ಏನೂ ಹೇಳಕ್ಕಾಗಲ್ಲ, ನೋಡೋಣ.