ನಾನು ಯಾವ ವಾರ್ಡಿನವನು?

ಚರಂಡಿ ಕಟ್ಟಿಕೊಂಡಿದೆ ಎಂದು ದೂರು ಕೊಡಲು ಹೋದರೆ ಇಂದು ಸಿಕ್ಕ ಉತ್ತರ: ‘ಬೀದಿಯ ಎಡಬದಿ ಮಾತ್ರ ನಮ್ಮ ವಾರ್ಡಿನದು, ಸಾರ್.’ ಚರಂಡಿ ನೀರಿಗೆ ಗಡಿರೇಖೆ ತೋರಿಸಿ ನಿಲ್ಲಿಸಲೇ?

ಮನೆ ಕದಲಿಲ್ಲ, ನಾನೂ ಕದಲಿಲ್ಲ. ವಾರ್ಡ್ ಮಾತ್ರ ತಿರುಗಾಡುತ್ತಲೇ ಇದೆ. ಬೆಂಗಳೂರಿನಲ್ಲಿ 198 ಇದ್ದ ವಾರ್ಡ್‌ಗಳು 2022ರಲ್ಲಿ 243 ಆದವು, ಮರುವರ್ಷ 225ಕ್ಕೆ ಇಳಿದವು, 2025ರಲ್ಲಿ ಪಾಲಿಕೆಯೇ ಐದು ಹೋಳಾಯಿತು. ಹಲಸಿನಹಣ್ಣನ್ನೂ ಯಾರೂ ಇಷ್ಟು ಸಲ ಕೊಯ್ಯುವುದಿಲ್ಲ! ಪ್ರತಿ ಸಲವೂ ಕರಡು, ಆಕ್ಷೇಪಣೆ, ಅಂತಿಮ ಪಟ್ಟಿ. ಪಟ್ಟಿಯಲ್ಲಿ ನಮ್ಮ ವಾರ್ಡಿನ ಗಡಿ ‘ಪೂರ್ವಕ್ಕೆ ಅಡ್ಡರಸ್ತೆ’ಯಂತೆ. ಯಾವ ಅಡ್ಡರಸ್ತೆ, ಮಹಾರಾಯರೇ? (ನಮ್ಮಲ್ಲಿ ಎರಡನೇ ಅಡ್ಡರಸ್ತೆಗಳೇ ಮೂರಿವೆ.)

2020ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ಐದು ವರ್ಷ ಗೆರೆ ಎಳೆದದ್ದೇ ಎಳೆದದ್ದು. ಪಾಲಿಕೆ ಚುನಾವಣೆಯ ಮುಖ ಕಂಡವರುಂಟೇ? ಚರಂಡಿಯೊಂದೇ ನಿಷ್ಪಕ್ಷಪಾತಿ, ಎರಡೂ ವಾರ್ಡಿಗೆ ಸಮನಾಗಿ ನಾರುತ್ತಿದೆ.