ಐನ್‌ಮನೆ ಗೋಡೆಗೆ 37/150

ಬೀದಿ ಗೋಡೆಗೆ ಸ್ಪ್ರೇ ಹೊಡೆದ ಮುಖ ಮಳೆ, ಬಿಸಿಲು, ಚುನಾವಣೆ ಪೋಸ್ಟರು ಎಲ್ಲವನ್ನೂ ತಡೆದುಕೊಂಡು ವರ್ಷಗಟ್ಟಲೆ ನಿಂತಿರುತ್ತದೆ. ಅದೇ ಕಲಾವಿದ ಅದೇ ಮುಖವನ್ನು ದಪ್ಪ ಹತ್ತಿ ಕಾಗದಕ್ಕೆ ಸ್ಕ್ರೀನ್ ಪ್ರಿಂಟ್ ಮಾಡಿ, ಪೆನ್ಸಿಲಿನಲ್ಲಿ ಸಹಿ ಹಾಕಿ ಕೊಟ್ಟರೆ, ಅದು ಮಡಿಕೇರಿಯ ಐನ್‌ಮನೆಯಲ್ಲಿ, ಅಂದರೆ ಕೊಡವರ ಹಿರಿಮನೆಯಲ್ಲಿ, ಜಡಿಮಳೆಯ ಒಂದು ಕಕ್ಕಡ ತಿಂಗಳು ದಾಟಿದರೆ ಪುಣ್ಯ.

ಅಮೆರಿಕದ ಬೀದಿ ಕಲಾವಿದ ಶೆಪರ್ಡ್ ಫೇರಿ 2008ರಲ್ಲಿ ಮಾಡಿದ ಒಬಾಮಾ ‘ಹೋಪ್’ ಚಿತ್ರದ ಕೊಲಾಜ್ ಮರುವರ್ಷವೇ ವಾಷಿಂಗ್ಟನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ಸೇರಿತು. ಮ್ಯೂಸಿಯಮ್ಮುಗಳಲ್ಲಿ ಹವೆಯ ತೇವ ಅಳೆಯಲು ಮೀಟರು ಇರುತ್ತದೆ. ನಮ್ಮಲ್ಲಿ ನೀರೊಡೆಯುವ ಉಪ್ಪಿನ ಡಬ್ಬಿ ಇದೆ.

ಪ್ರಿಂಟಿನ ಕೆಳಗೆ ಎಡಮೂಲೆಯಲ್ಲಿ 37/150 ಎಂದಿದ್ದರೆ ಒಟ್ಟು 150 ಪ್ರತಿಗಳಲ್ಲಿ ಇದು 37ನೆಯದು. ನೆಂಟರು ಅಂಕಪಟ್ಟಿ ಅಂದುಕೊಂಡು “ಅಯ್ಯೋ, ಫೇಲಾ?” ಅನ್ನುತ್ತಾರೆ. ಅವರನ್ನು ಕ್ಷಮಿಸಬಹುದು. ಫ್ರೇಮಿಗೆ ಹಿಡಿಸಲಿಲ್ಲವೆಂದು ಆ ಅಂಚನ್ನೇ ಕತ್ತರಿಸಿ ಬಿಸಾಡುವ ಫ್ರೇಮಿನವನನ್ನು ಕ್ಷಮಿಸಲಾಗದು. ಸಹಿ, ಸಂಖ್ಯೆ ಹೋದರೆ ಉಳಿಯುವುದು ಕ್ಯಾಲೆಂಡರು.

ಕೊಳವೆಯಿಂದ ತೆಗೆದ ಪ್ರಿಂಟನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಒಂದೇ ಕೈಯಲ್ಲಿ ಎತ್ತಿದರೆ ಹೆಬ್ಬೆರಳ ಪಕ್ಕ ಅರ್ಧಚಂದ್ರದ ಮಡಿಕೆ ಬೀಳುತ್ತದೆ, ಏನು ಮಾಡಿದರೂ ಹೋಗುವುದಿಲ್ಲ. ಸುರುಳಿ ಬಿಡಲು ತಿರುಗಾಮುರುಗಾ ಸುತ್ತಬೇಡಿ, ಬಣ್ಣದ ಪದರ ಬಿರಿಯುತ್ತದೆ. ಮೇಲೊಂದು ಬಟರ್ ಪೇಪರ್, ಅದರ ಮೇಲೆ ಹಲಗೆ, ಪುಸ್ತಕಗಳ ಭಾರ; ಎರಡು ಮೂರು ದಿನ ಸಾಕು.

ಫ್ರೇಮ್ ಅಂಗಡಿಯಲ್ಲಿ ನಿಂತೇ ಕೆಲಸ ಮಾಡಿಸಿ. ಹಿಂದೆ ಪ್ಲೈವುಡ್, ನಾಲ್ಕೂ ಕಡೆ ಸೆಲ್ಲೋ ಟೇಪ್, ಗಾಜು ನೇರ ಮುಖಕ್ಕೆ: ಇದು ಮಾಮೂಲಿ ಪದ್ಧತಿ, ಇದೇ ಅನಾಹುತ. ಪ್ಲೈವುಡ್ಡಿನ ಆಮ್ಲ ಕಾಗದಕ್ಕೆ ಕೊಡಗಿನ ಕಪ್ಪು ಹುಳಿ ಕಾಚಂಪುಳಿಯ ಬಣ್ಣ ಕೊಡುತ್ತದೆ. ಆ ಬಣ್ಣ ಪಂದಿಕರಿಗೆ ಚೆಂದ. ಟೇಪಿನ ಅಂಟು ಹಳದಿಯಾಗಿ ಇಳಿಯುತ್ತದೆ. ತೇವಕ್ಕೆ ಕಾಗದ ಹಿಗ್ಗುತ್ತದೆ, ನಾಲ್ಕೂ ಕಡೆ ಕಟ್ಟಿಹಾಕಿದರೆ ಹಿಗ್ಗಲು ಜಾಗವಿಲ್ಲದೆ ಹಪ್ಪಳದಂತೆ ಅಲೆ ಏಳುತ್ತದೆ. ಮೆತ್ತಗಾದ ಬಣ್ಣ ಗಾಜಿಗೆ ಕಚ್ಚಿಕೊಂಡರೆ ಬಿಡಿಸುವಾಗ ಮೂಗು ಗಾಜಿನ ಕಡೆ, ಮುಖ ಕಾಗದದ ಕಡೆ.

ಸರಿಯಾದದ್ದು ಇಷ್ಟು: ಮೇಲಂಚಿನಲ್ಲಿ ಮಾತ್ರ ಎರಡು ಕಡೆ, ಜಪಾನಿ ಕಾಗದದ ಚೂರು, ಗೋಧಿ ಗಂಜಿಯ ಅಂಟು. ಸುತ್ತ ಆಮ್ಲವಿಲ್ಲದ ಹತ್ತಿಯ ಮೌಂಟ್ ಬೋರ್ಡ್, ಗಾಜು ತಾಗದಷ್ಟು ದಪ್ಪ. ಫ್ರೇಮಿನ ಹಿಂದೆ ಕೆಳಮೂಲೆಗಳಿಗೆ ಕಾರ್ಕ್ ತುಂಡು ಅಂಟಿಸಿ. ಗೋಡೆಗೂ ಫ್ರೇಮಿಗೂ ನಡುವೆ ಒಂದು ಸೆಂಟಿಮೀಟರ್ ಗಾಳಿ ಆಡಲಿ. ಮಳೆ ಬಡಿಯುವ ಪಡುವಣ ಗೋಡೆ ಬೇಡವೇ ಬೇಡ. ಒಲೆಯ ಮೇಲೂ ಬೇಡ. ಕುಪ್ಯಚೇಲೆ ತೊಟ್ಟ ಅಜ್ಜನ ಫೋಟೋ ಆ ಹೊಗೆಯಲ್ಲೇ ಹತ್ತಾರು ವರ್ಷ ಬಾಳಿದೆ ನಿಜ, ಅಜ್ಜನ ಗಟ್ಟಿತನ ಎಲ್ಲರಿಗೂ ಬರುವುದಿಲ್ಲ. ಜೊತೆಗೆ ಅಲ್ಲಿ ಹಾಕಿದರೆ, “ಇವರು ಯಾರು, ಅಜ್ಜನ ತಮ್ಮನಾ?” ಎಂಬ ಪ್ರಶ್ನೆಗೆ ಬಂದವರಿಗೆಲ್ಲ ಉತ್ತರ ಕೊಡುತ್ತಿರಬೇಕು.

ಹವೆಯ ತೇವ ಶೇಕಡ 65–70 ದಾಟಿ ಹಾಗೇ ನಿಂತರೆ ಬೂಷ್ಟು ಶುರು. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಅದಕ್ಕೆ ಸುಗ್ಗಿ. ಚುಕ್ಕಿ ಕಂಡ ಕೂಡಲೇ ಒದ್ದೆ ಬಟ್ಟೆ ತೆಗೆದುಕೊಂಡು ಓಡಬೇಡಿ, ಉಜ್ಜಿದಷ್ಟೂ ಅದು ಕಾಗದದ ಎಳೆಗೆ ಇಳಿಯುತ್ತದೆ. ಫ್ರೇಮಿನಿಂದ ಬಿಚ್ಚಿ, ಒಣ ಹವೆಯಲ್ಲಿ ಆರಲು ಬಿಟ್ಟು, ಪೂರ್ತಿ ಒಣಗಿದ ಮೇಲೆ ಮನೆಯ ಹೊರಗೆ, ಮಾಸ್ಕ್ ಹಾಕಿಕೊಂಡು, ಮೃದು ಬ್ರಷ್ಷಿನಿಂದ ಹಗುರಾಗಿ ಕೊಡವಿ.

ಇಲ್ಲದಿದ್ದರೆ ಮಳೆಗಾಲಕ್ಕೆ ಕುಶಾಲನಗರದ ನೆಂಟರ ಮನೆಗೆ ಕಳಿಸಬಹುದು, ಅಲ್ಲಿ ಮಳೆ ಕಡಿಮೆ. ಹಿಂದಿರುಗಿ ತರುವಾಗ ಕೆಳಗಿನ ಎಡಮೂಲೆ ಮೊದಲು ನೋಡಿ. ಅವರ ಮನೆಯಲ್ಲೂ ಪೆನ್ಸಿಲಿಗೆ ರಬ್ಬರು ಹಿಡಿದ ಮಕ್ಕಳಿರುತ್ತಾರೆ.