ವಿಆರ್ ಹಾಕಿಕೊಂಡು ಮನೆಯಲ್ಲೇ ಮಿದುಳಿಗೆ ಕಸರತ್ತು: ಬೇಕಾ, ಬೇಡವಾ?

ಪರ

ಪಾರ್ಶ್ವವಾಯು ಹೊಡೆದ ಮೇಲೆ ನಮ್ಮ ದೊಡ್ಡಪ್ಪ ಎಲೆ ಮುಂದೆ ಕೂತು, ‘ಉಪ್ಪಿನಕಾಯಿ ಯಾಕೆ ಬಡಿಸಿಲ್ಲ?’ ಎಂದು ಸಿಡುಕುತ್ತಿದ್ದರು. ಬಡಿಸಿತ್ತು, ಎಲೆಯ ಎಡತುದಿಯಲ್ಲೇ ಇತ್ತು. ಕಣ್ಣು ಸರಿಯಾಗಿಯೇ ಇದ್ದವು. ಮಿದುಳಿಗೇ ಎಡಗಡೆಯ ಮೇಲೆ ಗಮನ ಇರಲಿಲ್ಲ. ಮಿದುಳಿನ ಬಲಭಾಗಕ್ಕೆ ಪೆಟ್ಟಾದರೆ ಹೀಗಾಗುವುದುಂಟು.

ಇದಕ್ಕೆ ದಿನಾ ಅಭ್ಯಾಸ ಬೇಕು. ಸಾಗರದಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ರಾತ್ರಿಯಿಡೀ ಬಸ್ಸು. ವಾರಕ್ಕೆ ಮೂರು ಸಲ ಯಾರು ಕರೆದುಕೊಂಡು ಹೋಗುತ್ತಾರೆ?

ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಅಂದರೆ ಕಣ್ಣಿಗೆ ಕಟ್ಟಿಕೊಳ್ಳುವ ಪರದೆ. ಅದನ್ನು ಹಾಕಿದರೆ ರಸ್ತೆ, ಅಂಗಡಿ ಎಲ್ಲ ಕಣ್ಣೆದುರಿಗೇ ಬರುತ್ತವೆ. ಎಡದಿಂದ ಬರುವ ಬಸ್ಸನ್ನು ಗಮನಿಸದೆ ಕಾಲಿಟ್ಟರೂ ಗಾಯವಿಲ್ಲ, ಮತ್ತೆ ಶುರು ಮಾಡಬಹುದು. ತಲೆ ಎಡಕ್ಕೆ ಎಷ್ಟು ತಿರುಗಿತು ಅನ್ನುವುದನ್ನು ಹೆಡ್‌ಸೆಟ್ಟೇ ಬರೆದಿಡುತ್ತದೆ. ದೂರದಲ್ಲಿರುವ ಥೆರಪಿಸ್ಟ್ ಅದನ್ನು ನೋಡಿ ಆಟವನ್ನು ಇನ್ನಷ್ಟು ಕಷ್ಟ ಮಾಡಬಹುದು. ಕಾಗದದ ಮೇಲೆ ಗೆರೆ ಹೊಡೆಸುವ ಮಾಮೂಲಿ ಅಭ್ಯಾಸಕ್ಕಿಂತ ಇದು ಬದುಕಿಗೆ ಹತ್ತಿರ ಅಲ್ವಾ?

ವಿರೋಧ

ಹತ್ತಿರವೇ? ನನಗಂತೂ ಅನುಮಾನ. ಆಟದಲ್ಲಿ ಎಡಕ್ಕೆ ತಿರುಗಿದವರು ಎಲೆ ಮುಂದೆಯೂ ತಿರುಗಬೇಕಲ್ಲ! ಪಾರ್ಶ್ವವಾಯು ಆದವರ ಮೇಲೆ ನಡೆದ 72 ವಿಆರ್ ಪ್ರಯೋಗಗಳನ್ನು, ಚಿಕಿತ್ಸೆಗಳ ಪುರಾವೆ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2017ರಲ್ಲಿ ಒಟ್ಟಿಗೆ ಇಟ್ಟು ನೋಡಿತು. ಒಟ್ಟು 2470 ಜನ. ಮಾಮೂಲಿ ಚಿಕಿತ್ಸೆಯ ಬದಲು ವಿಆರ್ ಕೊಟ್ಟಾಗ ಕೈಯ ಚಲನೆಯಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. ಎರಡನ್ನೂ ಸೇರಿಸಿ ಕೊಟ್ಟಾಗ ಸ್ವಲ್ಪ ಕಂಡಿತು, ಆದರೆ ಅಲ್ಲಿ ಅಭ್ಯಾಸದ ಹೊತ್ತೇ ಜಾಸ್ತಿಯಾಗಿತ್ತು. ನೆನಪು, ಗಮನದ ವಿಚಾರದಲ್ಲಂತೂ ತೀರ್ಪು ಕೊಡುವಷ್ಟು ಪುರಾವೆಯೇ ಸಿಗಲಿಲ್ಲ.

ತಮ್ಮನ ಆಟದ ಹೆಡ್‌ಸೆಟ್ಟನ್ನು ನಾವೂ ಒಮ್ಮೆ ಹಾಕಿ ನೋಡಿದೆವು. ಅರ್ಧ ಕೆಜಿ ಭಾರ. ಮೆನು ಎಲ್ಲ ಇಂಗ್ಲಿಷಿನಲ್ಲಿ. ನಡೆಯುತ್ತಿದ್ದೇನೆ ಅಂತ ಕಣ್ಣು ಹೇಳುತ್ತದೆ, ಕೂತಿದ್ದೇನೆ ಅಂತ ಒಳಕಿವಿ ಹೇಳುತ್ತದೆ. ಈ ಜಗಳಕ್ಕೇ ವಾಕರಿಕೆ ಬರುವುದು. ಎರಡೇ ನಿಮಿಷಕ್ಕೆ ದೊಡ್ಡಪ್ಪ ‘ತೆಗಿಯೋ ಮಾರಾಯ!’ ಅಂದುಬಿಟ್ಟರು. ಕುರ್ಚಿಯಿಂದ ವಾಲುತ್ತಿದ್ದವರನ್ನು ಹಿಡಿದುಕೊಂಡವರು ದೊಡ್ಡಮ್ಮ. ವಿಡಿಯೊ ಕಾಲ್‌ನಲ್ಲಿರುವ ಥೆರಪಿಸ್ಟ್ ಹೆಗಲು ಹಿಡಿಯಲು ಆಗುತ್ತದಾ? ಪಟ್ಟಿ ಬಿಗಿಯುವುದು, ಚಾರ್ಜಿಗೆ ಹಾಕುವುದು, ಪಕ್ಕದಲ್ಲಿ ಕಾಯುತ್ತಾ ಕೂರುವುದು, ಎಲ್ಲ ಮತ್ತೆ ಮನೆಯ ಹೆಂಗಸಿನ ತಲೆಗೇ. ‘ಮನೆಯಲ್ಲೇ ಚಿಕಿತ್ಸೆ’ ಅನ್ನುವವರು ಈ ಲೆಕ್ಕ ಹಾಕುವುದೇ ಇಲ್ಲ.

ದೊಡ್ಡಮ್ಮ ಉಪ್ಪಿನಕಾಯಿಯ ಜಾಗ ಮಾತ್ರ ಬದಲಿಸಲಿಲ್ಲ. ಎಲೆಯ ಎಡಪಕ್ಕ ನೆಲಕ್ಕೆ ಸೌಟಿನಿಂದ ಟಕ್ ಟಕ್ ಅಂತ ಕುಟ್ಟಿ ‘ಇಲ್ಲಿ ನೋಡಿ’ ಅನ್ನುತ್ತಿದ್ದರು. ದೊಡ್ಡಪ್ಪ ಗೊಣಗುತ್ತಲೇ ನಿಧಾನಕ್ಕೆ ಕತ್ತು ತಿರುಗಿಸುತ್ತಿದ್ದರು.